ಮೊದಲ ದಿನದ ಕಾಗದ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ರೂಢಿಯುಂಟು. ತರಗತಿ ಆರಂಭವಾಗುವ ಮೊದಲ ದಿನವೇ ಪ್ರಾಧ್ಯಾಪಕರಾದವರು ವಿದ್ಯಾರ್ಥಿಗಳಿಗೆ ಒಂದು ಕಾಗದವನ್ನು ಕೊಡುತ್ತಾರೆ. ಈಚಿನ ವರ್ಷಗಳಲ್ಲಿ ಅದನ್ನು ಇಂಟರ್‌ನೆಟ್ಟಿನಲ್ಲಿಯೇ ಇರಿಸುವುದರಿಂದ ಬದಿಯಡ್ಕದಲ್ಲಿ ಕುಳಿತವರಿಗೂ ಓದಲು ಅಡ್ಡಿಯಿಲ್ಲ. ಯಾವ ಪುಸ್ತಕ ಓದಬೇಕು, ಯಾವ ವಾರ ಯಾವ ಪಾಠ ಎಂಬಿಷ್ಟನ್ನೇ ಹೇಳಿ ಆ ಕಾಗದ ಮುಗಿಯುವುದಿಲ್ಲ. ಅಸೈನ್‌ಮೆಂಟನ್ನು ಒಂದು ದಿನ ತಡವಾಗಿ ಕೊಟ್ಟರೆ ಏನಾಗುತ್ತದೆ, ಗೆಳೆಯನೊಡನೆ ಎಷ್ಟರ ಮಟ್ಟಿಗೆ ಚರ್ಚಿಸಬಹುದು, ಎಲ್ಲಿಂದ ಮುಂದೆ ಅದು ಕಳ್ಳತನವೆನಿಸುತ್ತದೆ, ಒಂದು ಪರೀಕ್ಷೆ ಕೆಟ್ಟರೆ ಸುಧಾರಿಸಿಕೊಳ್ಳಲು ದಾರಿಯುಂಟೇ, ಅಂಕ ತಪ್ಪಾಗಿ ಬಿದ್ದಿದ್ದರೆ ಯಾರಲ್ಲಿ ಎಷ್ಟು ದಿನದೊಳಗೆ ಕೇಳಬೇಕು ಎಂಬುದೆಲ್ಲವೂ ಅದರಲ್ಲಿ ಬರೆದಿರುತ್ತದೆ. ಗುರುವಿಗೂ ವಿದ್ಯಾರ್ಥಿಗೂ ನಡುವಣ ಕರಾರುಪತ್ರ ಅದು ಎಂದರೆ ಅತಿಶಯೋಕ್ತಿಯಾಗಲಾರದು.

ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠಕ್ಕೆ ಸಂಬಂಧಪಟ್ಟ ಇಂತಹ ಎರಡು ಕಟ್ಟಳೆಗಳು ಈ ಲೇಖನಕ್ಕೆ ಕಾರಣ. ಒಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ 'ಸಿ.ಎಸ್. 61ಸಿ' ಎಂಬ ಕೋರ್ಸಿನದು. ಇನ್ನೊಂದು ಪಿಟ್ಸ್‌ಬರ್ಗ್ ನಗರದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ '15-213' ಎಂಬುದರದು. (ಆ ವಿಶ್ವವಿದ್ಯಾಲಯ ಇರುವಲ್ಲಿಯ ಅಂಚೆಯ ಪಿನ್ ಸಂಖ್ಯೆಯೂ 15213. ವಿಶ್ವವಿದ್ಯಾಲಯಕ್ಕೆ ಪಿನ್ ಸಂಖ್ಯೆ ದಯಪಾಲಿಸಿದ್ದೇ ಈ ಕೋರ್ಸು ಎಂದು ಅಲ್ಲಿಯವರು ತಮಾಷೆ ಮಾಡಿಕೊಳ್ಳುವುದುಂಟು.)

ಅಮೆರಿಕದ ತರಗತಿಯ ಕಟ್ಟಳೆ ಕಾಸರಗೋಡಿನ ಪತ್ರಿಕೆಗೆ ಏತಕ್ಕೆ ಎಂದು ವಾಚಕರು ಕೇಳಿಯಾರು. ಕಾರಣವಿದೆ. ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆಯುವ ಪರೀಕ್ಷೆ 2014ರಲ್ಲಿ ಸ್ಥಾಪನೆಯಾದ ಎ.ಪಿ.ಜೆ. ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ್ದು. ಅದರ 2019ರ ಪಠ್ಯಕ್ರಮದಲ್ಲಿ ನಾಲ್ಕನೆಯ ಸೆಮಿಸ್ಟರಿನ ಕಂಪ್ಯೂಟರ್ ಆರ್ಗನೈಸೇಶನ್ ಮತ್ತು ಆರ್ಕಿಟೆಕ್ಚರ್ ಎಂಬ ವಿಷಯಕ್ಕೆ ವಾರಕ್ಕೆ ಪಾಠ 3 ಗಂಟೆ, ಟ್ಯುಟೋರಿಯಲ್ 1 ಗಂಟೆ, ಪ್ರಾಯೋಗಿಕಕ್ಕೆ ಸೊನ್ನೆ. ಡಿಜಿಟಲ್ ಲ್ಯಾಬ್ ಎಂಬುದು ಬೇರೆಯೇ ಇತ್ತು ಎಂಬುದು ನಿಜ. ಆದರೆ ಈ ವಿಷಯವನ್ನು ಮಾತ್ರ ಪುಸ್ತಕ ಓದಿಯೇ ಪಾಸು ಮಾಡುವಂತಿತ್ತು. 2024ರ ಪಠ್ಯಕ್ರಮದಲ್ಲಿ ವಿಶ್ವವಿದ್ಯಾಲಯವು ಇದೇ ವಿಷಯವನ್ನು ಪ್ರಾಜೆಕ್ಟ್ ಆಧಾರಿತವೆಂದು ಮಾರ್ಪಡಿಸಿತು. 100 ಅಂಕಗಳಲ್ಲಿ 60 ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ. ಅದರಲ್ಲಿ 30 ಪ್ರಾಜೆಕ್ಟಿಗೆ. ಅಂದರೆ ತರಗತಿಯ ಅಧ್ಯಾಪಕರ ಕೈಗೆ ಹಿಂದೆಂದೂ ಇಲ್ಲದಷ್ಟು ಅಧಿಕಾರ ಬಂದಿದೆ. ಈ ಬದಲಾವಣೆ ಸ್ವಾಗತಾರ್ಹವೇ ಸರಿ. ಆದರೆ ಅಧಿಕಾರ ಬಂದಲ್ಲಿ ಕಟ್ಟಳೆಯೂ ಬರಬೇಕು, ಅದು ಬರಹದಲ್ಲಿಯೂ ಇರಬೇಕು ಎಂಬುದು ನಮ್ಮ ವಾದ.

ಈ ವಿಷಯದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಕಂಪ್ಯೂಟರ್ ಆರ್ಕಿಟೆಕ್ಚರ್ ಎಂದರೆ ಗಣಕಯಂತ್ರದ ವಾಸ್ತುಶಾಸ್ತ್ರ. ಯಂತ್ರಕ್ಕೆ ತಿಳಿಯುವ ಆದೇಶಗಳು ಯಾವುವು, ಆದೇಶವನ್ನು ಮೆಮೊರಿಯಿಂದ ತಂದು, ಅರ್ಥಮಾಡಿ, ಲೆಕ್ಕ ಮಾಡಿ, ಫಲವನ್ನು ಇರಿಸುವ ಕ್ರಮ ಯಾವುದು ಎಂಬುದರ ವಿಚಾರ. ಮದುವೆಯ ಪಂಕ್ತಿಯಲ್ಲಿ ಒಬ್ಬನು ಉಪ್ಪು, ಉಪ್ಪಿನಕಾಯಿ ಬಡಿಸುತ್ತ ಮುಂದೆ ಹೋದಂತೆ ಅವನ ಹಿಂದೆಯೇ ಪಲ್ಯದವನು, ಅವನ ಹಿಂದೆ ಅನ್ನದವನು ಬರುತ್ತಾರಲ್ಲವೇ? ಒಬ್ಬನೇ ಒಂದೊಂದು ಎಲೆಗೆ ಎಲ್ಲವನ್ನೂ ಬಡಿಸಿ ಮುಂದಿನ ಎಲೆಗೆ ಹೋಗುವುದಾದರೆ ಮುಹೂರ್ತದ ಊಟ ಸಂಜೆಗೆ ಮುಗಿದೀತು. ಯಂತ್ರದೊಳಗಿನ ಈ ಪಂಕ್ತಿಬಡಿಸಾಟಕ್ಕೆ ಪೈಪ್‌ಲೈನ್ ಎಂದು ಹೆಸರು. ಇನ್ನು ಅಡಿಗೆಮನೆಯ ಡಬ್ಬಿಯಲ್ಲಿ ಒಂದಿಷ್ಟು, ಉಗ್ರಾಣದಲ್ಲಿ ಮತ್ತಷ್ಟು, ಮಿಕ್ಕದ್ದು ಪೇಟೆಯ ಅಂಗಡಿಯಲ್ಲಿ ಎಂದು ನಾವು ಸಾಮಾನು ಇರಿಸಿಕೊಳ್ಳುವಂತೆ ಯಂತ್ರವೂ ಬೇಕಾದ ಅಂಕಿಗಳನ್ನು ಹತ್ತಿರ ದೂರಗಳಲ್ಲಿ ಇರಿಸಿಕೊಳ್ಳುತ್ತದೆ. ಡಬ್ಬಿಯ ಸ್ಥಾನದಲ್ಲಿರುವುದು ಕ್ಯಾಷ್.

ಇದನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಬಹುದು. ಒಪ್ಪಿಸಿ ಒಳ್ಳೆಯ ಅಂಕವನ್ನೂ ಪಡೆಯಬಹುದು. ಬರ್ಕ್ಲಿಯವರು ಮಾತ್ರ ಹಾಗೆ ಬಿಡುವುದಿಲ್ಲ. ವಿದ್ಯಾರ್ಥಿಯು ಲಾಜಿಸಿಮ್ ಎಂಬ ಉಚಿತ ಸಾಧನದಲ್ಲಿ ತಂತಿ ಎಳೆದೆಳೆದು ತನ್ನದೇ ಒಂದು ಪ್ರೊಸೆಸರನ್ನು ಕಟ್ಟಿ ತೋರಿಸಬೇಕು. ಅದಕ್ಕೆ ಎರಡು ಹಂತದ ಪೈಪ್‌ಲೈನ್ ಇರಬೇಕು. 'ಇಲ್ಲಿಂದ ಅಲ್ಲಿಗೆ ಜಿಗಿ' ಎಂಬ ಆದೇಶವನ್ನು ಯಂತ್ರ ನಡೆಸುತ್ತಿರುವಾಗಲೇ ಅದರ ಹಿಂದಣ ಆದೇಶ ಆಗಲೇ ಬಾಗಿಲಿಗೆ ಬಂದು ನಿಂತಿರುತ್ತದೆ. ಅದನ್ನು ರದ್ದುಮಾಡದಿದ್ದರೆ ಲೆಕ್ಕ ತಪ್ಪುತ್ತದೆ. ಪುಸ್ತಕದಲ್ಲಿ ಇದಕ್ಕೆ 'ಕಂಟ್ರೋಲ್ ಹಜಾರ್ಡ್' ಎಂಬ ಹೆಸರೂ ನಾಲ್ಕು ಸಾಲಿನ ವ್ಯಾಖ್ಯೆಯೂ ಉಂಟು. ಆದರೆ ತಾನು ಕಟ್ಟಿದ ಯಂತ್ರವು 12 ಎನ್ನಬೇಕಾದಲ್ಲಿ 19 ಎಂದಾಗ, ರಾತ್ರಿಯೆಲ್ಲ ತಂತಿಯಿಂದ ತಂತಿಗೆ ಬೆರಳಿಟ್ಟು ಹುಡುಕಿದವನಿಗೆ ಆ ನಾಲ್ಕು ಸಾಲು ಬೇಕಾಗುವುದಿಲ್ಲ.

ಆ ಪ್ರೊಸೆಸರು ಅನುಸರಿಸುವ ಆದೇಶಗಳ ಪಟ್ಟಿಗೆ ರಿಸ್ಕ್-ಫೈವ್ ಎಂದು ಹೆಸರು. 2010ರಲ್ಲಿ ಬರ್ಕ್ಲಿಯಲ್ಲಿಯೇ ಹುಟ್ಟಿದ್ದು ಅದು. ಮೂಲಭೂತ ಆದೇಶಗಳು ಸುಮಾರು 40 ಮಾತ್ರ. ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಅಲ್ಲಿ 1976ರಿಂದ 40 ವರ್ಷ ಪಾಠ ಹೇಳಿದ ಡೇವಿಡ್ ಪ್ಯಾಟರ್ಸನ್ ಅದನ್ನು ಬೆಳೆಸಿದವರಲ್ಲೊಬ್ಬರು. ಸ್ಟ್ಯಾನ್‌ಫರ್ಡಿನ ಜಾನ್ ಹೆನೆಸಿಯವರೊಡನೆ ಅವರಿಗೆ 2017ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. ಸಂಶೋಧನೆಗೂ ಪಾಠಕ್ಕೂ ಇರಲೆಂದು ಮಾಡಿದ ಈ ಪಟ್ಟಿಯ ಮೇಲೆಯೇ ಮದ್ರಾಸಿನ ಐ.ಐ.ಟಿ.ಯವರ 'ಶಕ್ತಿ' ಪ್ರೊಸೆಸರೂ ನಮ್ಮ ರಾಜ್ಯದ ರಾಜಧಾನಿ ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯ 'ವೇಗ' ಪ್ರೊಸೆಸರೂ ನಿಂತಿವೆ. 2022ರಲ್ಲಿ ಕೇಂದ್ರ ಸರಕಾರವು ಇದಕ್ಕೆಂದೇ ಒಂದು ಯೋಜನೆಯನ್ನು ಸಾರಿತು. ಪ್ರೊಸೆಸರು ಕಟ್ಟಬಲ್ಲ ಕೈಗಳು ಈ ದೇಶಕ್ಕೆ ಬೇಕಾಗಿವೆ ಎಂಬುದರಲ್ಲಿ ಸಂಶಯವಿಲ್ಲ. ಆ ಕೈಗಳಲ್ಲಿ ಒಂದೆರಡಾದರೂ ನಮ್ಮ ಕುಂಬಳೆ ಮಂಜೇಶ್ವರಗಳವಾಗಿರಲಿ ಎಂದು ಆಶಿಸುವುದು ದುರಾಸೆಯಾಗದಷ್ಟೆ.

ಆ ಕಾಗದಗಳಲ್ಲಿ ನಮ್ಮ ಮನಸ್ಸನ್ನು ಮೊದಲು ಸೆಳೆದುದು ತಡವಾದುದರ ಬಗೆಗಿನ ಕಟ್ಟಳೆ. ಕಾರ್ನೆಗೀ ಮೆಲನ್ನಿನಲ್ಲಿ ಪ್ರತಿ ವಿದ್ಯಾರ್ಥಿಗೂ ಸೆಮಿಸ್ಟರಿಗೆ ಇಷ್ಟು ಎಂದು 'ಗ್ರೇಸ್ ಡೇ'ಗಳನ್ನು ಕೊಡುತ್ತಾರೆ. ಬಹುಕಾಲ ಅದು 5 ದಿನವಾಗಿತ್ತು. ಒಂದೇ ಕೆಲಸಕ್ಕೆ ಅಷ್ಟನ್ನೂ ಸುರಿಯುವಂತಿಲ್ಲ. ಬರ್ಕ್ಲಿಯವರು ಅದನ್ನೇ 'ಸ್ಲಿಪ್ ಡೇ' ಎನ್ನುತ್ತಾರೆ. ಗಮನಾರ್ಹ ಸಂಗತಿಯೆಂದರೆ ಆ ದಿನಗಳನ್ನು ಬಳಸಲು ಕಾರಣ ಹೇಳಬೇಕಾಗಿಲ್ಲ. ಜ್ವರವೋ, ತಂಗಿಯ ಮದುವೆಯೋ, ಬರಿಯ ಸೋಮಾರಿತನವೋ ಎಂದು ಯಾರೂ ಕೇಳುವುದಿಲ್ಲ. ಕೊಟ್ಟ ದಿನಗಳು ಮುಗಿದವೋ, ದಿನಕ್ಕೆ ಇಷ್ಟು ಶೇಕಡಾ ಎಂದು ಅಂಕ ಕಡಿಯುತ್ತಾರೆ. ಅಷ್ಟೇ.

ನಮ್ಮಲ್ಲಿ ನಡೆಯುವುದೇನು? ರೆಕಾರ್ಡು ಎರಡು ದಿನ ತಡವಾದ ಹುಡುಗ ಮೊದಲು ಒಂದು ಕಾರಣವನ್ನು ಹುಡುಕಬೇಕು. ಕಾರಣಕ್ಕೆ ಡಾಕ್ಟರರ ಸರ್ಟಿಫಿಕೇಟು ಬೇಕು. ಅದಕ್ಕೆ ಹಣ ಬೇಕು. ತಂದೆಯ ಪತ್ರ ಬೇಕು. ಆಮೇಲೆ ವಿಭಾಗದ ಮುಖ್ಯಸ್ಥರ ಕೋಣೆಯ ಹೊರಗೆ ಒಂದು ಗಂಟೆ ನಿಲ್ಲಬೇಕು. ಕೊನೆಗೆ ಅಧ್ಯಾಪಕರ ಆ ದಿನದ ಮನಸ್ಥಿತಿಯಂತೆ ತೀರ್ಪು. ಅಧ್ಯಾಪಕರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಬಹಳ ಸಲ ಅವರು ದಯಾಳುಗಳೇ ಆಗಿರುತ್ತಾರೆ. ಆದರೆ ದಯೆಯನ್ನು ಬೇಡುವ ಬಾಯಿ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಮನೆಯಲ್ಲಿ ಕಾಲೇಜು ಕಂಡವರಿರುವ ಹುಡುಗನಿಗೆ ಬೇಡಲು ಬರುತ್ತದೆ. ಮೊದಲನೆಯದಾಗಿ ಮೆಟ್ಟಿಲು ಹತ್ತಿದವನು ಹೆದರಿ ಸುಮ್ಮನಿರುತ್ತಾನೆ, ಅಂಕ ಕಳೆದುಕೊಳ್ಳುತ್ತಾನೆ. ಕಾರಣ ಕೇಳದೆ ಎಲ್ಲರಿಗೂ ಸಮನಾಗಿ 4 ದಿನ ಕೊಟ್ಟರೆ ಸುಳ್ಳು ಸರ್ಟಿಫಿಕೇಟಿನ ವ್ಯಾಪಾರ ಅರ್ಧಕ್ಕರ್ಧ ನಿಂತುಹೋದೀತು. ಇದಕ್ಕೆ ಸರಕಾರ ಒಂದು ಕಾಸನ್ನೂ ಮಂಜೂರು ಮಾಡಬೇಕಾಗಿಲ್ಲ.

ಇನ್ನೊಂದು ವಿಷಯ ನಕಲು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಮ್ಮ ಕಾಲೇಜುಗಳ ರೆಕಾರ್ಡು ಪುಸ್ತಕ ಎಂಬ ವಸ್ತುವನ್ನು ಬಲ್ಲವರೆಲ್ಲ ಬಲ್ಲರು. ಹಿಂದಿನ ವರ್ಷದವನದನ್ನು ಈ ವರ್ಷದವನು ನೋಡಿ ಬರೆಯುತ್ತಾನೆ. ಅವನದನ್ನು ಮುಂದಿನ ವರ್ಷದವನು. ಎಡಪುಟದಲ್ಲಿ ಪೆನ್ಸಿಲ್, ಬಲಪುಟದಲ್ಲಿ ಶಾಯಿ, ತಲೆಬರಹಕ್ಕೆ ಅಡಿಗೆರೆ. ಯಾವನೋ ಹಿರಿಯ ಒಂದೆಡೆ ಮಾಡಿದ ತಪ್ಪು ಗುರುಪರಂಪರೆಯಂತೆ ತಲೆತಲಾಂತರವಾಗಿ ಇಳಿದುಬರುತ್ತದೆ. ಎಲ್ಲರಿಗೂ ತಿಳಿದಿದೆ, ಯಾರೂ ಹೇಳುವುದಿಲ್ಲ. ಅಂದವಾಗಿದ್ದರೆ ಅಂಕ. ಹೀಗೆ ನಾವು ನಕಲನ್ನು ನಿಷೇಧಿಸಿಯೂ ಇಲ್ಲ, ಅನುಮತಿಸಿಯೂ ಇಲ್ಲ. ನಿಷೇಧವೂ ಇಲ್ಲದ, ಅನುಮತಿಯೂ ಇಲ್ಲದ ಇಂತಹ ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದ್ದು. ಎಂದೋ ಒಂದು ದಿನ ಒಬ್ಬ ಹುಡುಗನನ್ನು ಮಾತ್ರ ಹಿಡಿದು ಶಿಕ್ಷಿಸಿದರೆ, ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆನಲ್ಲ ಎಂಬ ಅವನ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಅಲ್ಲಿಯ ಕಾಗದವು ಗೆರೆಯನ್ನು ಎಳೆದು ತೋರಿಸುತ್ತದೆ. ಪಾಠದ ತತ್ವವನ್ನು ಗೆಳೆಯರೊಡನೆ ಚರ್ಚಿಸಿ, ಅದು ಒಳ್ಳೆಯದೇ. ಆದರೆ ಇನ್ನೊಬ್ಬನ ಪ್ರೋಗ್ರಾಮನ್ನು ನೋಡಕೂಡದು, ನಿಮ್ಮದನ್ನು ತೋರಿಸಕೂಡದು, ಮುಂದಿನ ವರ್ಷದವರಿಗೆ ದಾನ ಮಾಡಕೂಡದು, ಇಂಟರ್‌ನೆಟ್ಟಿನಲ್ಲಿ ಇರಿಸಕೂಡದು. ಕೊಟ್ಟವನಿಗೂ ಪಡೆದವನಿಗೂ ಶಿಕ್ಷೆ ಒಂದೇ. ಕಾರ್ನೆಗೀ ಮೆಲನ್ನಿನ ಕಾಗದದಲ್ಲಿ ಹೇಳಿರುವ ಸಾಮಾನ್ಯ ಶಿಕ್ಷೆಯೆಂದರೆ ಕೋರ್ಸಿನಲ್ಲಿಯೇ ಫೇಲು. ಕಟುವಾಯಿತೆಂದು ತೋರಬಹುದು. ಆದರೆ ಮೊದಲ ದಿನವೇ ಹೇಳಿರುವುದರಿಂದ ಮೋಸವಾಯಿತೆಂದು ಯಾರೂ ಹೇಳುವಂತಿಲ್ಲ.

ಚರ್ಚೆ ಎಲ್ಲಿ ಮುಗಿದು ನಕಲು ಎಲ್ಲಿ ಆರಂಭವಾಗುತ್ತದೆ ಎಂಬ ತೊಡಕಿಗೆ ಅಲ್ಲಿಯ ಕೆಲವು ಪ್ರಾಧ್ಯಾಪಕರು ಮಾಡಿರುವ ಉಪಾಯವೊಂದು ರಸವತ್ತಾಗಿದೆ. ಗೆಳೆಯರು ಕೂಡಿ ಎಷ್ಟು ಬೇಕಾದರೂ ಚರ್ಚಿಸಲಿ. ಆದರೆ ಬರೆದುಕೊಂಡ ಚೀಟಿಯನ್ನು ಅಲ್ಲಿಯೇ ಹರಿದು, 'ಗಿಲ್ಲಿಗನ್ಸ್ ಐಲೆಂಡ್' ಎಂಬ 1960ರ ದಶಕದ ಹಾಸ್ಯ ಧಾರಾವಾಹಿಯನ್ನೋ ಅಂಥದೇ ಇನ್ನೊಂದನ್ನೋ ಅರ್ಧ ಗಂಟೆ ಟಿ.ವಿ.ಯಲ್ಲಿ ನೋಡಿ, ಆಮೇಲೆ ಒಬ್ಬನೇ ಕುಳಿತು ಉತ್ತರ ಬರೆಯಲಿ. ತಲೆಯಲ್ಲಿ ಉಳಿದದ್ದು ಅವನದು, ಉಳಿಯದ್ದು ಅವನದಲ್ಲ. ನಮ್ಮ ಹುಡುಗರು ತಾಳಮದ್ದಳೆಯ ಒಂದು ಸಂವಾದವನ್ನು ಕೇಳಿ ಬಂದರೂ ಆದೀತು. ಆದರೆ ಅರ್ಥಧಾರಿ ಒಳ್ಳೆಯವನಾದರೆ ಅಸೈನ್‌ಮೆಂಟು ಮರುದಿನಕ್ಕೆ ಹೋಗುವ ಅಪಾಯವುಂಟು. ಅದಕ್ಕೇ ಗ್ರೇಸ್ ಡೇ ಇರುವುದು ಎಂದುಕೊಳ್ಳೋಣ.

ನಕಲನ್ನು ಪತ್ತೆಹಚ್ಚಲು ಯಂತ್ರಗಳೂ ಉಂಟು. 1994ರಲ್ಲಿ ಅಲೆಕ್ಸ್ ಏಕನ್ ಎಂಬ ಪ್ರಾಧ್ಯಾಪಕರು ಮಾಡಿದ 'ಮಾಸ್' ಎಂಬ ಸಾಧನ ಇಂದಿಗೂ ಹೆಸರಾದದ್ದು. ಪ್ರೋಗ್ರಾಮಿನಲ್ಲಿ ಹೆಸರುಗಳನ್ನು ಬದಲಾಯಿಸಿದರೂ ಖಾಲಿ ಜಾಗ ಸೇರಿಸಿದರೂ ಅದು ಮೋಸಹೋಗುವುದಿಲ್ಲ. ಒಳಗಿನ ಹಂದರದ ಬೆರಳಚ್ಚನ್ನು ಅದು ಹೋಲಿಸುತ್ತದೆ. ಆದರೂ ಅದು ಕೊಡುವುದು ಹೋಲಿಕೆಯನ್ನು ಮಾತ್ರ. ನಕಲು ಹೌದೋ ಅಲ್ಲವೋ ಎಂದು ಕೊನೆಗೆ ಮನುಷ್ಯರೇ ನೋಡಿ ನಿರ್ಣಯಿಸಬೇಕು.

ಇವೆಲ್ಲಕ್ಕಿಂತ ನಮಗೆ ಮೆಚ್ಚುಗೆಯಾದದ್ದು ಕಾರ್ನೆಗೀ ಮೆಲನ್ನಿನ 'ಬಾಂಬ್ ಲ್ಯಾಬ್'. ಹೆಸರು ಕೇಳಿ ವಾಚಕರು ಬೆದರಬೇಕಾಗಿಲ್ಲ. ಪ್ರತಿ ವಿದ್ಯಾರ್ಥಿಗೂ ಒಂದೊಂದು ಪ್ರೋಗ್ರಾಮನ್ನು ಕೊಡುತ್ತಾರೆ, ಅದೇ ಬಾಂಬು. ಅದರಲ್ಲಿ ಆರು ಹಂತಗಳು. ಪ್ರತಿ ಹಂತಕ್ಕೂ ಒಂದು ಗುಪ್ತವಾಕ್ಯವನ್ನು ಟೈಪು ಮಾಡಬೇಕು. ಸರಿಯಾದರೆ ಮುಂದಿನ ಹಂತ. ತಪ್ಪಿದರೆ ಪರದೆಯ ಮೇಲೆ 'ಬೂಮ್' ಎಂದು ಕಾಣಿಸಿಕೊಂಡು ಸ್ಫೋಟದ ವರ್ತಮಾನ ಅಧ್ಯಾಪಕರ ಕಂಪ್ಯೂಟರಿಗೆ ತಲಪುತ್ತದೆ. ಪ್ರತಿ ಸ್ಫೋಟಕ್ಕೆ ಅರ್ಧ ಅಂಕ ಕಡಿತ. ಒಟ್ಟು 70 ಅಂಕಗಳ ಕೆಲಸದಲ್ಲಿ ಕಡಿತವು 20ನ್ನು ಮೀರುವುದಿಲ್ಲ. ಪ್ರೋಗ್ರಾಮಿನ ಮೂಲ ಬರಹವನ್ನು ಕೊಡುವುದಿಲ್ಲ. ಯಂತ್ರಕ್ಕಷ್ಟೇ ತಿಳಿಯುವ ಆದೇಶಗಳ ಸಾಲನ್ನು ಬಿಡಿಸಿಟ್ಟು, ರಿಜಿಸ್ಟರಿನಲ್ಲಿ ಈಗ ಏನಿದೆ, ಈ ಹೋಲಿಕೆ ಯಾವುದರೊಡನೆ, ಈ ಜಿಗಿತ ಎಲ್ಲಿಗೆ ಎಂದು ಒಂದೊಂದು ಹೆಜ್ಜೆಯಾಗಿ ಓದಿ ಗುಪ್ತವಾಕ್ಯವನ್ನು ಕಂಡುಹಿಡಿಯಬೇಕು.

ಇದರಲ್ಲಿರುವ ಜಾಣ್ಮೆಯನ್ನು ಗಮನಿಸಿ. ಒಬ್ಬನ ಬಾಂಬಿನಂತೆ ಇನ್ನೊಬ್ಬನ ಬಾಂಬು ಇಲ್ಲ. ಆದ್ದರಿಂದ ಗೆಳೆಯನ ಉತ್ತರವನ್ನು ಕದ್ದು ಪ್ರಯೋಜನವಿಲ್ಲ. ಉತ್ತರ ಹುಡುಕುವ ಕ್ರಮವನ್ನು ಅವನಿಂದ ಕಲಿತರೆ ಪ್ರಯೋಜನವುಂಟು. ನಕಲು ಮಾಡಬಾರದೆಂಬ ನೀತಿಬೋಧೆ ಅಲ್ಲಿ ಬೇಕಾಗಲೇ ಇಲ್ಲ, ಕೆಲಸದ ರಚನೆಯಲ್ಲಿಯೇ ಅದು ಅಡಗಿದೆ. ಜತೆಗೆ, ಕಣ್ಣುಮುಚ್ಚಿ ಊಹಿಸಿದವನಿಗೆ ಅರ್ಧ ಅಂಕದ ಚುರುಕು. ಆದರೆ ಹೆದರಿ ಮುಟ್ಟದೆ ಕುಳಿತವನಿಗೂ ಏನೂ ದಕ್ಕದು. ತಪ್ಪಿಗೆ ಬೆಲೆಯುಂಟು, ಆ ಬೆಲೆಗೆ ಮಿತಿಯೂ ಉಂಟು. ಇಂಥ ಕಟ್ಟಳೆಯನ್ನು ಯೋಚಿಸಿದವರು ಹುಡುಗರ ಮನಸ್ಸನ್ನು ಬಲ್ಲವರು.

ಪರೀಕ್ಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಬರ್ಕ್ಲಿಯ 61ಸಿಯಲ್ಲಿ 'ಕ್ಲಾಬರ್' ಎಂಬ ಪದ್ಧತಿ ನಡೆದುಬಂದಿದೆ. ನಡುವಿನ ಪರೀಕ್ಷೆಯಲ್ಲಿ ಎಡವಿದವನು ಕೊನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೆ ಹಳೆಯ ಅಂಕದ ಸ್ಥಾನದಲ್ಲಿ ಹೊಸ ಸಾಧನೆ ಲೆಕ್ಕಕ್ಕೆ ಬರುತ್ತದೆ. ತಿಂಗಳು ಕಳೆದು ಕಲಿತರೂ ಕಲಿತದ್ದೇ ತಾನೆ? ಇನ್ನು ಅಂಕಗಳಿಗೆ ಇಂತಿಷ್ಟು ಬಂದರೆ ಇಂತಹ ದರ್ಜೆ ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಪಕ್ಕದವನು ಸೋತರೆ ನನಗೆ ಲಾಭ ಎಂಬ ಭಾವನೆಗೆ ಎಡೆಯಿಲ್ಲದ್ದರಿಂದ ಒಬ್ಬರಿಗೊಬ್ಬರು ಹೇಳಿಕೊಡಲು ಅಂಜುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯವನ್ನು ದೂರಲು ಕಾರಣವಿಲ್ಲ. ಅದರ 2019ರ ಪದ್ಧತಿಯಲ್ಲಿಯೂ ಇಂತಿಷ್ಟು ಶೇಕಡಾಕ್ಕೆ ಇಂತಹ ದರ್ಜೆ ಎಂಬುದು ನಿಶ್ಚಿತವಾಗಿತ್ತು.

ಹಾಜರಿಯ ವಿಷಯ ಬಂದಾಗ ಮಾತ್ರ ನಮ್ಮವರ ಉತ್ಸಾಹವೇ ಬೇರೆ. ಶೇಕಡಾ 75ರ ಕಡ್ಡಾಯ ಹಾಜರಿಯ ಮೇಲೆ, 2019ರ ಪದ್ಧತಿಯಲ್ಲಿ ಆಂತರಿಕ 50 ಅಂಕಗಳಲ್ಲಿ 10 ಹಾಜರಿಗೇ ಮೀಸಲಾಗಿದ್ದವು. ಈ ವಿಷಯಕ್ಕೆ 2024ರಲ್ಲಿ ಅದು 5ಕ್ಕೆ ಇಳಿಯಿತು. ಬೆಂಚಿನ ಮೇಲೆ ಕುಳಿತಿರುವುದು ಒಂದು ವಿದ್ಯೆಯಲ್ಲ. ಆದರೆ ಹಾಜರಿಯನ್ನೇ ತೆಗೆದುಹಾಕಿ ಎಂದೂ ನಾವು ಹೇಳಲಾರೆವು. ಹಾಜರಿಯ ಭಯ ತಪ್ಪಿದರೆ ಪಾಠವೇ ನಡೆಯದ ಕಾಲೇಜುಗಳೂ ಇರಬಹುದು. ಆ ಮಾತು ಇಲ್ಲಿಗೆ ಸಾಕು.

ಅಲ್ಲಿಯದನ್ನು ಇಲ್ಲಿ ನಡೆಸಲಾಗದು ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಬರ್ಕ್ಲಿಯ ಆ ತರಗತಿಯಲ್ಲಿ ನೂರಾರು ವಿದ್ಯಾರ್ಥಿಗಳಿದ್ದರೂ ಪ್ರಾಧ್ಯಾಪಕರಿಗೆ ಸಹಾಯಕರ ಒಂದು ದಂಡೇ ಇರುತ್ತದೆ. ಶುಲ್ಕವೂ ಅದಕ್ಕೆ ತಕ್ಕಂತೆ. ನಮ್ಮಲ್ಲಿ 60 ಹುಡುಗರಿಗೆ ಒಬ್ಬ ಅಧ್ಯಾಪಕರು, ಅವರಿಗೆ ಬೇರೆ ಮೂರು ತರಗತಿ, ನಡುವೆ ಪ್ರವೇಶದ ಕೆಲಸ, ಪರೀಕ್ಷೆಯ ಮೇಲ್ವಿಚಾರಣೆ, ಕೆಲವರು ಗುತ್ತಿಗೆಯ ನೇಮಕದವರು. ಇಂಥವರ ಮೇಲೆ ಇನ್ನೊಂದು ಹೊರೆ ಹೊರಿಸಬೇಕೆಂಬುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಕಾಗದ ಬರೆಯಲು ದಂಡು ಬೇಡ. ಅಲ್ಲಿಯ ಸಹಾಯಕರಲ್ಲಿ ಬಹುಮಂದಿ ಹಿಂದಿನ ವರ್ಷಗಳಲ್ಲಿ ಅದೇ ಪಾಠ ಓದಿ ಮುಗಿಸಿದ ವಿದ್ಯಾರ್ಥಿಗಳೇ ಎಂಬುದನ್ನೂ ಮರೆಯಬಾರದು. ರೆಕಾರ್ಡು ಪುಸ್ತಕವನ್ನು ಕೆಳಗಿನವರಿಗೆ ದಾಟಿಸುವ ನಮ್ಮ ಹಿರಿಯ ವಿದ್ಯಾರ್ಥಿಗಳು, ಅದರ ಬದಲು ವಾರಕ್ಕೆ ಒಂದು ಗಂಟೆ ಕುಳಿತು ಅದನ್ನೇ ಬಿಡಿಸಿ ಹೇಳುವಂತೆ ಮಾಡಲು ಯಾವ ಕಾನೂನು ಅಡ್ಡಬರುತ್ತದೆ? ಸಾಧನಗಳಿಗಂತೂ ದುಡ್ಡಿಲ್ಲ. ಲಾಜಿಸಿಮ್ ಉಚಿತ, ರಿಸ್ಕ್-ಫೈವ್ ಆದೇಶಗಳನ್ನು ನಡೆಸಿ ನೋಡುವ ವೀನಸ್, ರೈಪ್ಸ್ ಮುಂತಾದವೂ ಉಚಿತ. ಜೂರಿಕ್ಕಿನ ಇ.ಟಿ.ಎಚ್. ವಿಶ್ವವಿದ್ಯಾಲಯದ ಓನುರ್ ಮುಟ್ಲು ಅವರ ಪೂರ್ತಿ ಉಪನ್ಯಾಸಗಳು ಯೂಟ್ಯೂಬಿನಲ್ಲಿ ಯಾರಿಗೂ ಸಿಗುತ್ತವೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ಅವಸರ ಬಂದಿದೆ. ಹಿರಿಯನ ರೆಕಾರ್ಡಿನ ಸ್ಥಾನದಲ್ಲಿ ಈಗ ಯಂತ್ರವೇ ಬಂದು ಕುಳಿತಿದೆ. ಕೇಳಿದರೆ ಅಸೆಂಬ್ಲಿ ಪ್ರೋಗ್ರಾಮನ್ನೂ ಪ್ರಾಜೆಕ್ಟಿನ ವರದಿಯನ್ನೂ ನಿಮಿಷದಲ್ಲಿ ಬರೆದುಕೊಡುತ್ತದೆ. 30 ಅಂಕದ ಪ್ರಾಜೆಕ್ಟು ಎಂದು ಘೋಷಿಸಿ, ಯಂತ್ರದ ಸಹಾಯ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಹೇಳದೆ ಬಿಟ್ಟರೆ, ಹಳೆಯ ರೆಕಾರ್ಡು ಪುಸ್ತಕವು ಬಣ್ಣದ ಹೊದಿಕೆ ತೊಟ್ಟು ಹಿಂದಿರುಗಿತು ಎಂದೇ ತಿಳಿಯಬೇಕು. ಪೂರ್ತಿ ನಿಷೇಧಿಸಿದರೆ ಪಾಲಿಸುವವರಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಹಳೆಯ ಮದ್ದೇ ಒಳ್ಳೆಯದು, ಅಂದರೆ ಬಾಯಿಮಾತಿನ ಪರೀಕ್ಷೆ. ವಿದ್ಯಾರ್ಥಿಯ ಎದುರು ಅವನದೇ ಸರ್ಕ್ಯೂಟನ್ನು ತೆರೆದಿಟ್ಟು, 'ಈ ತಂತಿ ಇಲ್ಲಿಗೆ ಏಕೆ ಬಂತು? ತೆಗೆದರೆ ಯಾವ ಆದೇಶ ಕೆಡುತ್ತದೆ?' ಎಂದು ಕೇಳಿದರೆ ಐದು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ. 60 ಮಂದಿಗೆ ಐದು ಐದು ನಿಮಿಷವೆಂದರೆ 5 ಗಂಟೆ. 60 ವರದಿಗಳನ್ನು ಓದುವುದಕ್ಕೆ ಅದಕ್ಕಿಂತ ಕಡಿಮೆ ಹೊತ್ತು ಸಾಲದು. ಆದರೆ ಹೀಗೆ ಕೇಳುತ್ತೇವೆಂದು ಕೊನೆಯ ವಾರ ಹೇಳಿದರೆ ಅದು ಹೊಂಚುಹಾಕಿದಂತೆ. ಮೊದಲ ದಿನ ಹೇಳಿದರೆ ಹುಡುಗ ಮೊದಲ ದಿನದಿಂದಲೇ ಕಲಿಯುತ್ತಾನೆ.

ಇಷ್ಟೆಲ್ಲವೂ ಎಲ್ಲ ವಿದ್ಯಾರ್ಥಿಗಳಿಗೂ ಸಲ್ಲುವ ಮಾತು. ನಮ್ಮ ಗಡಿನಾಡಿನ ಮಟ್ಟಿಗೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಾಠಪುಸ್ತಕ ಇಂಗ್ಲಿಷಿನಲ್ಲಿದೆ, ಪರೀಕ್ಷೆಯೂ ಇಂಗ್ಲಿಷಿನಲ್ಲಿದೆ. ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಆದರೆ ಬರೆದಿರದ ಕಟ್ಟಳೆಗಳು ಯಾವ ಭಾಷೆಯಲ್ಲಿ ಸಂಚರಿಸುತ್ತವೆ? ತರಗತಿ ಮುಗಿದು ಬಾಗಿಲು ದಾಟುವಾಗ ಅಧ್ಯಾಪಕರು ಹೇಳುವ ಎರಡು ಮಾತು, ಹಾಸ್ಟೆಲಿನಲ್ಲಿ ಹಿರಿಯನೊಬ್ಬ ಕೊಡುವ ಸೂಚನೆ, ವಾಟ್ಸಪ್ ಗುಂಪಿನಲ್ಲಿ ಬರುವ ಧ್ವನಿ ಸಂದೇಶ ಇವೆಲ್ಲ ಸಹಜವಾಗಿಯೇ ಮಲೆಯಾಳದಲ್ಲಿರುತ್ತವೆ. ಅದರಲ್ಲಿ ಯಾರದೂ ದುರುದ್ದೇಶವಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಎಣ್ಮಕಜೆಯ ಹುಡುಗಿಗೆ ಪೇಟೆಯ ಮಲೆಯಾಳ ಬರುತ್ತದೆ. ಆದರೆ ಅವಸರದ, ಅರ್ಧಕ್ಕೆ ನುಂಗಿದ, ತಮಾಷೆ ಬೆರೆತ ಆ ಸೂಚನೆಗಳಲ್ಲಿ ಯಾವುದು ಕಟ್ಟಳೆ, ಯಾವುದು ಹುಡುಗಾಟ ಎಂದು ತಿಳಿಯುವಷ್ಟು ಬಾರದೆ ಇರಬಹುದು. ಇನ್ನೊಮ್ಮೆ ಕೇಳಲು ನಾಚಿಕೆ. ಬುದ್ಧಿಯಲ್ಲಿ ಕಡಿಮೆಯಿಲ್ಲದ ಮಗು ಹೀಗೆ ಮೊದಲ ಸೆಮಿಸ್ಟರುಗಳಲ್ಲಿ ಹಿಂದೆ ಬೀಳುತ್ತದೆ; ಬಿದ್ದದ್ದು ಗಣಿತದಿಂದಲ್ಲ, ಗೊತ್ತಿಲ್ಲದ ಕಟ್ಟಳೆಯಿಂದ. ಬರೆದ ಕಾಗದವನ್ನಾದರೆ ಮನೆಗೆ ಒಯ್ದು ಎರಡು ಸಲ ಓದಬಹುದು, ತಿಳಿಯದ್ದನ್ನು ಬಲ್ಲವರಿಂದ ಕೇಳಬಹುದು.

ಆದುದರಿಂದ ನಾವು ಕೇಳುವುದು ದೊಡ್ಡದೇನಲ್ಲ. ವಿಶ್ವವಿದ್ಯಾಲಯದ ಸುತ್ತೋಲೆಗಾಗಿ ಕಾಯಬೇಕಾಗಿಯೂ ಇಲ್ಲ. ಅಂಕಗಳ ಹಂಚಿಕೆಯನ್ನು ವಿಶ್ವವಿದ್ಯಾಲಯ ಹೇಳಿದೆ; ಉಳಿದುದನ್ನು ಅಧ್ಯಾಪಕರೇ ಗೊತ್ತುಮಾಡಬಹುದು. ತಡವಾದರೆ ಏನು, ಜತೆಗೂಡಿ ಮಾಡುವುದರ ಮಿತಿ ಎಲ್ಲಿ, ಯಂತ್ರದಿಂದ ಎಷ್ಟು ನೆರವು ಪಡೆಯಬಹುದು, ಬಾಯಿಪರೀಕ್ಷೆ ಯಾವ ವಾರ, ಆಂತರಿಕ ಅಂಕದಲ್ಲಿ ತಪ್ಪಿದ್ದರೆ ಯಾರ ಬಳಿ ಹೋಗಬೇಕು ಎಂಬಿಷ್ಟನ್ನು ಸರಳ ಇಂಗ್ಲಿಷಿನಲ್ಲಿ ಎರಡು ಪುಟಕ್ಕೆ ಮೀರದಂತೆ ಬರೆದು ಮೊದಲ ದಿನ ಹಂಚಲಿ. ಸೆಮಿಸ್ಟರಿನ ನಡುವೆ ಬದಲಾಯಿಸದಿರಲಿ. ಗುರುವನ್ನೂ ಆ ಕಾಗದ ಕಟ್ಟಿಹಾಕುತ್ತದಲ್ಲ ಎಂದು ಕೆಲವರು ಹಿಂಜರಿದಾರು. ಕಟ್ಟಿಹಾಕುತ್ತದೆ, ನಿಜ. ಕರಾರು ಎಂದ ಮೇಲೆ ಇಬ್ಬರೂ ಸಹಿ ಹಾಕಬೇಕಷ್ಟೆ.

ಅಂತಹ ಕಾಗದವನ್ನು ಸಿದ್ಧಪಡಿಸಿದ ಅಧ್ಯಾಪಕರು ಯಾರಾದರೂ ನಮಗೊಂದು ಪ್ರತಿ ಕಳುಹಿಸಿದರೆ, ಅದನ್ನು ಕನ್ನಡಕ್ಕೆ ತರಿಸಿ ಈ ಪುಟದಲ್ಲಿಯೇ ಅಚ್ಚುಮಾಡಲು ನಾವು ಸಿದ್ಧರಿದ್ದೇವೆ. ಎರಡು ಕಾಲಮ್ಮಿನ ಜಾಗ ಸಾಕಾದೀತು.